ಮುಳಬಾಗಿಲಿನಿಂದ ಜಯದೇವಕ್ಕೆ: ಎದೆ ಓಟದ ಚಿಕಿತ್ಸೆಗೆ ಎಷ್ಟು ದಿನ ಕಾಯಬೇಕು?

ಮುಳಬಾಗಿಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದೀರಿ. ಪಕ್ಕದ ಮನೆಯ ಅಕ್ಕನಿಗೆ ಆಗಾಗ ಎದೆ ಓಡುತ್ತದೆ, ಅಂದರೆ ಹೃದಯ ಇದ್ದಕ್ಕಿದ್ದಂತೆ ಜೋರಾಗಿ ಬಡಿಯುತ್ತದೆ, ಯಾರೋ ಡಾಕ್ಟರು ಅಬ್ಲೇಷನ್ (ಹೃದಯದೊಳಗೆ ತಂತಿ ಕಳಿಸಿ ಓಟದ ತಪ್ಪುದಾರಿಯನ್ನು ಸುಡುವ ಚಿಕಿತ್ಸೆ) ಮಾಡಿಸಿ ಅಂದಿದ್ದಾರೆ, ಸರ್ಕಾರಿಯಲ್ಲಿ ಎಷ್ಟು ತಿಂಗಳು ಕಾಯಬೇಕು ಎಂದು ಕೇಳಿದ್ದೀರಿ. ಒಂದು ಸಂಖ್ಯೆ ಹೇಳಿಬಿಟ್ಟರೆ ಸುಳ್ಳಾಗುತ್ತದೆ. ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯಲ್ಲಿ ರೆಫರ್ ಆದ 18 ವಾರದೊಳಗೆ ನೂರಕ್ಕೆ 92 ಜನರಿಗೆ ಚಿಕಿತ್ಸೆ ಶುರುವಾಗಬೇಕು ಅಂತ ಬರೆದಿಟ್ಟ ಗುರಿ ಇದೆ. 2016ರ ನಂತರ ಅವರೂ ಅದನ್ನು ಮುಟ್ಟಿಲ್ಲ. ನಮ್ಮಲ್ಲಿ ಅಂಥ ಗಡುವೇ ಇಲ್ಲ. ಇಲ್ಲಿ ಕಾಯೋದು ಅಂದರೆ ಒಂದರ ಹಿಂದೆ ಒಂದರಂತೆ ಮೂರು ನಾಲ್ಕು ಸಾಲುಗಳಲ್ಲಿ ನಿಲ್ಲೋದು. ಎಲ್ಲಕ್ಕಿಂತ ಉದ್ದದ ಸಾಲು ಸಾಮಾನ್ಯವಾಗಿ ಬೆಂಗಳೂರು ತಲುಪುವ ಮೊದಲೇ, ಈ ಕಡೆಯೇ ಇರುತ್ತದೆ.

ಮೊದಲು ಮಾತಿನ ವಿಷಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅನೇಕ ಮನೆಗಳಲ್ಲಿ ತೆಲುಗು, ಕೆಜಿಎಫ್ ಕಡೆ ತಮಿಳು, ಪೇಟೆ ಮತ್ತು ಕಚೇರಿಯಲ್ಲಿ ಕನ್ನಡ. ಒಂದೇ ಕಾಯಿಲೆ ಒಬ್ಬರ ಬಾಯಲ್ಲಿ ‘ಗುಂಡೆ ದಡ’, ಇನ್ನೊಬ್ಬರ ಬಾಯಲ್ಲಿ ‘ಪಡಪಡಪ್ಪು’, ಮತ್ತೊಬ್ಬರಿಗೆ ‘ಎದೆ ಢವಢವ’. ಮೂರೂ ಮಾತು ಭಯಕ್ಕೂ ಸಲ್ಲುತ್ತವೆ, ಮೆಟ್ಟಿಲು ಹತ್ತಿದ ದಣಿವಿಗೂ ಸಲ್ಲುತ್ತವೆ. ಹಾಗಾಗಿ ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಬರೆಯುತ್ತಾರೆ. ಹೆಂಗಸರಾದರೆ ‘ಟೆನ್ಷನ್ ತಗೋಬೇಡಮ್ಮ’ ಅನ್ನುವ ಬುದ್ಧಿಮಾತೂ ಸಿಗುತ್ತದೆ. ಬೇಸರದ ಸಂಗತಿ ಏನೆಂದರೆ, ಇಂಥ ಓಟದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಬಗೆ ಹೆಂಗಸರಲ್ಲೇ ಹೆಚ್ಚು. ಅಕ್ಕನನ್ನು ಕೂರಿಸಿಕೊಂಡು ನಾಲ್ಕೇ ಪ್ರಶ್ನೆ ಕೇಳಿ. ನಿಧಾನಕ್ಕೆ ಏರದೆ, ಸ್ವಿಚ್ ಹಾಕಿದ ಹಾಗೆ ತಟ್ಟನೆ ಶುರುವಾಗುತ್ತಾ? ನಿಲ್ಲುವಾಗಲೂ ತಟ್ಟನೆ ನಿಲ್ಲುತ್ತಾ? ಆಗ ಕುತ್ತಿಗೆಯ ನರವೂ ಎದೆಯ ಜೊತೆ ಕುಟ್ಟುತ್ತಾ? ನಿಂತ ಮೇಲೆ ಮೂತ್ರ ಜಾಸ್ತಿ ಹೋಗುತ್ತಾ? ಎಲ್ಲಕ್ಕೂ ಹೌದು ಅಂದರೆ ಅದು ಮನಸ್ಸಿನ ದಿಗಿಲಲ್ಲ, ಹೃದಯದ ಕರೆಂಟಿನ ದಾರಿಯಲ್ಲಿ ಸುತ್ತು ಬಿದ್ದಿದೆ ಅನ್ನುವ ಕಡೆಗೇ ವಾಲುತ್ತದೆ. ಡಾಕ್ಟರ ಭಾಷೆಯಲ್ಲಿ ಎಸ್‌ವಿಟಿ.

ಆದರೆ ಬಾಯಿಮಾತಿಗೆ ಯಾರೂ ಅಬ್ಲೇಷನ್ ಮಾಡುವುದಿಲ್ಲ. ಓಟ ಇರುವಾಗಲೇ ತೆಗೆದ ಇಸಿಜಿ ಬೇಕು. ಇದೇ ಮೊದಲನೇ ಸಾಲು, ಇಲ್ಲೇ ವರ್ಷಗಟ್ಟಲೆ ಸವೆಯುವುದು. ಓಟ ಹತ್ತು ನಿಮಿಷ ಇರುತ್ತದೆ, ಆಟೋ ಸಿಗುವಷ್ಟರಲ್ಲಿ ನಿಂತುಹೋಗುತ್ತದೆ, ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ನಾರ್ಮಲ್. ಹುಟ್ಟಿನಿಂದ ಅಡ್ಡದಾರಿ ಇರುವ ಕೆಲವರಿಗೆ, ಅಂದರೆ ಡಬ್ಲ್ಯುಪಿಡಬ್ಲ್ಯು ಇರುವವರಿಗೆ, ಸುಮ್ಮನಿದ್ದಾಗಿನ ಇಸಿಜಿಯಲ್ಲೂ ಗುರುತು ಸಿಗುತ್ತದೆ, ಉಳಿದವರಿಗೆ ಸಿಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಕಟ್ಟಿಕೊಳ್ಳುವ ಹಾಲ್ಟರ್ ಯಂತ್ರ, ತಿಂಗಳಿಗೊಮ್ಮೆ ಓಟ ಬರುವವರಿಗೆ ದಂಡ. ಅದಕ್ಕೆ ಉಪಾಯ ಮೊದಲೇ ಮಾಡಿಟ್ಟಿರಬೇಕು: ಮನೆಗೆ ಹತ್ತಿರ ಇಸಿಜಿ ಯಂತ್ರ ಎಲ್ಲಿದೆ, ರಾತ್ರಿ ಯಾರು ತೆಗೆಯುತ್ತಾರೆ ಎಂದು ವಿಚಾರಿಸಿಡಿ. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗವೇ ಒಳ್ಳೆಯದು. ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿನ ಇಸಿಜಿಯನ್ನು ಬೆಂಗಳೂರಿನ ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವದಂಥ ದೊಡ್ಡ ಆಸ್ಪತ್ರೆಗಳ ಜೊತೆ ಜೋಡಿಸಿದ್ದಾರೆ. ಅದು ಹೃದಯಾಘಾತಕ್ಕಾಗಿ ಮಾಡಿದ್ದು, ನಿಜ; ಆದರೆ ಅದರಿಂದಾಗಿ ಬಾಗಿಲಲ್ಲೇ ಇಸಿಜಿ ತೆಗೆಯುವ ಅಭ್ಯಾಸ ಬಂದಿದೆ. ಕೌಂಟರಿನಲ್ಲಿ ಚೀಟಿ ಮಾಡಿಸುವ ಮೊದಲೇ ‘ಈಗ ಓಡ್ತಾ ಇದೆ, ಮೊದಲು ಇಸಿಜಿ ತೆಗೀರಿ’ ಎಂದು ಗಟ್ಟಿಯಾಗಿ ಕೇಳಿ.

ಸಿಕ್ಕ ಇಸಿಜಿ ಚೀಟಿಯನ್ನು ಬಂಗಾರದಂತೆ ನೋಡಿಕೊಳ್ಳಬೇಕು. ಅದು ಥರ್ಮಲ್ ಕಾಗದ, ಬಸ್ ಟಿಕೆಟ್ಟಿನ ಜಾತಿ. ಬಿಸಿಲಿಗೆ, ಪ್ಲಾಸ್ಟಿಕ್ ಕವರಿನೊಳಗೆ ಗೆರೆ ಮಾಸುತ್ತದೆ. ಜೋಪಾನವಾಗಿರಲಿ ಅಂತ ಜೆರಾಕ್ಸ್ ಅಂಗಡಿಗೆ ಕೊಟ್ಟು ಲ್ಯಾಮಿನೇಷನ್ ಮಾಡಿಸುವವರಿದ್ದಾರೆ. ಯಂತ್ರದ ಕಾವಿಗೆ ಕಾಗದ ಪೂರ್ತಿ ಕಪ್ಪಾಗಿ ಹೊರಬರುತ್ತದೆ, ವರ್ಷದ ಕಾಯುವಿಕೆ ಅಲ್ಲೇ ದಂಡವಾಯಿತು. ಅದೇ ದಿನ ಮೊಬೈಲಿನಲ್ಲಿ ನೆರಳು ಬೀಳದ ಹಾಗೆ ಫೋಟೊ, ಎರಡು ಜೆರಾಕ್ಸ್, ಹಿಂದುಗಡೆ ಪೆನ್ನಿನಲ್ಲಿ ತಾರೀಖು ಮತ್ತು ಗಂಟೆ, ಅಷ್ಟು ಸಾಕು. ಎದೆಬಡಿತದ ಲೆಕ್ಕ ನೀವೇ ನೋಡಬೇಕೆಂದರೆ, ಎರಡು ಚೂಪಾದ ಗೆರೆಗಳ ನಡುವೆ ಎಷ್ಟು ದೊಡ್ಡ ಚೌಕ ಇವೆಯೋ ಅದರಿಂದ 300ನ್ನು ಭಾಗಿಸಿ. ಒಂದೂವರೆ ಚೌಕ ಇದ್ದರೆ ನಿಮಿಷಕ್ಕೆ 200. ಮಾಮೂಲಿ ವೇಗದ, ಅಂದರೆ ಸೆಕೆಂಡಿಗೆ 25 ಮಿಲಿಮೀಟರಿನ ಚೀಟಿಗೆ ಈ ಲೆಕ್ಕ.

ಓಟ ನಿಲ್ಲಿಸುವ ಒಂದು ವಿಧಾನ ಆಸ್ಪತ್ರೆಯ ಮಂಚದ ಮೇಲೆ ಔಷಧಿ ಇಲ್ಲದೆ ನಡೆಯುತ್ತದೆ. ಅರೆ ಒರಗಿ ಕೂರಿಸಿ, 10 ಎಂಎಲ್ ಸಿರಿಂಜಿನ ಮೂತಿಯನ್ನು ಬಾಯಿಗೆ ಕೊಟ್ಟು, ಪಿಸ್ಟನ್ ಅಲುಗುವಷ್ಟು ಬಲವಾಗಿ 15 ಸೆಕೆಂಡ್ ಊದಿಸಬೇಕು. ತಕ್ಷಣ ಅಂಗಾತ ಮಲಗಿಸಿ ಎರಡೂ ಕಾಲನ್ನು 45 ಡಿಗ್ರಿ ಎತ್ತಿ ಇನ್ನೊಂದು 15 ಸೆಕೆಂಡ್ ಹಿಡಿಯಬೇಕು. 2015ರ ಇಂಗ್ಲೆಂಡಿನ ಅಧ್ಯಯನದಲ್ಲಿ ಬರೀ ಊದಿದವರಲ್ಲಿ ನೂರಕ್ಕೆ 17 ಜನರಿಗೆ ಓಟ ನಿಂತರೆ, ಹೀಗೆ ಕಾಲೆತ್ತಿದವರಲ್ಲಿ 43 ಜನರಿಗೆ ನಿಂತಿತು. ನಿಲ್ಲದಿದ್ದರೆ ಅಡೆನೊಸಿನ್ ಇಂಜೆಕ್ಷನ್: ಮೊದಲು 6 ಮಿಲಿಗ್ರಾಂ, ಆಮೇಲೆ 12. ಮೊಣಕೈ ಮಡಿಕೆಯ ನರಕ್ಕೆ ಝಟ್ಟನೆ ಕೊಟ್ಟು ಹಿಂದೆಯೇ ಸಲೈನ್ ತಳ್ಳಬೇಕು. ಮುಂಗೈಯ ಸಣ್ಣ ನರಕ್ಕೆ ನಿಧಾನವಾಗಿ ಕೊಟ್ಟರೆ ಹೃದಯ ತಲುಪುವ ಮೊದಲೇ ಅದರ ಶಕ್ತಿ ಮುಗಿದಿರುತ್ತದೆ. ಕೆಲವು ಸೆಕೆಂಡ್ ‘ಪ್ರಾಣ ಹೋಯ್ತು’ ಅನ್ನಿಸುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿರಬೇಕು. ಉಬ್ಬಸ ಇದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಇಂಜೆಕ್ಷನ್ ಕೊಡುವಾಗ ಇಸಿಜಿ ಓಡುತ್ತಲೇ ಇರಲಿ ಎಂದು ಕೇಳಿಕೊಳ್ಳಿ. ಓಟ ಹೇಗೆ ಮುರಿಯಿತು ಅನ್ನುವ ಆ ಒಂದು ಗೇಣು ಕಾಗದದಲ್ಲಿ ಮುಂದಿನ ಡಾಕ್ಟರಿಗೆ ಅರ್ಧ ಉತ್ತರ ಸಿಗುತ್ತದೆ.

ಎರಡನೇ ಸಾಲು ಕಾಗದಪತ್ರದ್ದು. ಗಡಿ ಅನ್ನೋದು ಗೊತ್ತಾಗುವುದೇ ಇಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ; ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ಮೀರದಂತೆ. ಕಾರ್ಡಿನ ಕೆಲಸ ಗ್ರಾಮ ಒನ್‌ನಲ್ಲಿ ಆಗುತ್ತದೆ. ತೊಡಕು ಹೆಸರಿನದು. ಈ ಕಡೆಗೆ ಪಲಮನೇರು, ಪುಂಗನೂರು, ಕುಪ್ಪಂನಿಂದ ಸೊಸೆಯರು ಬರುತ್ತಾರೆ. ಆಂಧ್ರದ ಆಧಾರಿನಲ್ಲಿ ಇಂಟಿಪೇರು ಅಂದರೆ ಮನೆತನದ ಹೆಸರು ಮುಂದೆ, ಅದರ ಹಿಂದೆ ಸ್ವಂತ ಹೆಸರು. ಇಲ್ಲಿನ ರೇಷನ್ ಕಾರ್ಡಿನಲ್ಲಿ ಬರೀ ‘ಲಕ್ಷ್ಮಮ್ಮ’. ಎರಡೂ ಹೊಂದುವುದಿಲ್ಲ. ಕೆಲವರ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ. ಅಲ್ಲಿ ತೆಗೆಸದೆ ಇಲ್ಲಿ ಸೇರುವುದಿಲ್ಲ. ಕೈಯಲ್ಲಿ ಆಂಧ್ರದ ಕಾರ್ಡೇ ಇದ್ದರೆ, ಹೆಸರು ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿದೆಯೇ ಎಂದು ನೋಡಿಸಿ. ಅದಾದರೆ ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಆ ರಾಜ್ಯದ್ದೇ ಸ್ವಂತ ಯೋಜನೆಯಾದರೆ ಇಲ್ಲಿ ನಡೆಯುತ್ತದೆ ಎಂದು ನಂಬಿಕೊಂಡು ಬಸ್ ಹತ್ತಬೇಡಿ. ಇದನ್ನೆಲ್ಲ ಅಡ್ಮಿಟ್ ಆಗುವ ದಿನ ಕೌಂಟರಿನಲ್ಲಿ ಕಂಡುಕೊಳ್ಳುವುದಕ್ಕಿಂತ ತಿಂಗಳ ಮುಂಚೆ ಸರಿಮಾಡಿಸಿದರೆ ಒಂದು ತಾರೀಖು ಉಳಿಯಿತು.

ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರ್ ಲೆಟರ್. ಈ ಚಿಕಿತ್ಸೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ, ಆದರೆ ಲೆಟರ್ ಅಲ್ಲಿಂದ ಸಿಗುತ್ತದೆ. ‘ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ’ ಎಂದು ಒಂದು ಸಾಲು ಬರೆಸಿಕೊಂಡು ಬರಬೇಡಿ. ಕಾಯಿಲೆಯ ಹೆಸರು, ಇಸಿಜಿಯಲ್ಲಿ ಕಂಡದ್ದು, ಬೇಕಾದ ಚಿಕಿತ್ಸೆ ಮೂರೂ ಇರಲಿ. ನರಸಾಪುರ, ಮಾಲೂರಿನ ಫ್ಯಾಕ್ಟರಿಗಳಲ್ಲಿ ದುಡಿಯುವವರ ಮನೆಯಾದರೆ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಟ್ ಆಗುತ್ತಿದೆಯಾ ನೋಡಿ. ಅವರ ದಾರಿಯೇ ಬೇರೆ, ಇಎಸ್‌ಐ ಡಿಸ್ಪೆನ್ಸರಿಯಿಂದ ಶುರು.

ಇನ್ನು ಬೆಂಗಳೂರು. ಈ ಕಡೆಯ ಬಸ್ಸುಗಳು ಕೆ.ಆರ್. ಪುರದ ಮೇಲೆಯೇ ಹೋಗುತ್ತವೆ. ಅಲ್ಲಿಳಿದು ನೇರಳೆ ಮೆಟ್ರೊದಲ್ಲಿ ಮೆಜೆಸ್ಟಿಕ್, ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ನಿಲ್ದಾಣ. ಬಂಗಾರಪೇಟೆ ಕಡೆಯ ರೈಲಿನಲ್ಲಿ ಬಂದರೆ ವೈಟ್‌ಫೀಲ್ಡ್‌ನಲ್ಲಿ ಇಳಿದರೂ ಮೆಟ್ರೊ ಪಕ್ಕದಲ್ಲೇ. ಎದೆಯ ಓಟ ನೋಡುವವರು ಮಾಮೂಲಿ ಹಾರ್ಟ್ ಡಾಕ್ಟರಲ್ಲ, ಎಲೆಕ್ಟ್ರೋಫಿಸಿಯಾಲಜಿ ವಿಭಾಗದವರು. ಜನರ ಬಾಯಲ್ಲಿ ‘ಇಪಿ’. ರೆಫರ್ ಲೆಟರಿನಲ್ಲಿ ಆ ಹೆಸರಿದ್ದರೆ ಸಾಮಾನ್ಯ ಒಪಿಡಿಯಲ್ಲಿ ಒಂದು ಸುತ್ತು ಕಡಿಮೆಯಾದೀತು. ಎಕೋ, ಥೈರಾಯ್ಡ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಪರೀಕ್ಷೆ ಇತ್ತೀಚಿನದು ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಅಲ್ಲಿನ ಸಾಲು ಬಂದವರ ಕ್ರಮದಲ್ಲಿ ಸಾಗುವುದಿಲ್ಲ, ಅಪಾಯದ ಕ್ರಮದಲ್ಲಿ ಸಾಗುತ್ತದೆ. ಇದನ್ನು ತಿಳಿಯದೆ ‘ನಮಗಿಂತ ಆಮೇಲೆ ಬಂದವರಿಗೆ ಮೊದಲು ಮಾಡಿದರು’ ಎಂದು ಜಗಳ ಆಡುವವರಿದ್ದಾರೆ. ನಾಡಿ 40ಕ್ಕಿಂತ ಕೆಳಗಿಳಿದು ತಲೆ ತಿರುಗಿ ಬಿದ್ದವರಿಗೆ ಬೇಕಾದ್ದು ಪೇಸ್‌ಮೇಕರ್, ಅವರು ಕಾಯುವಂತಿಲ್ಲ. ಓಟದ ಜೊತೆ ಪ್ರಜ್ಞೆ ತಪ್ಪಿದವರು, ಎದೆನೋವು ಅಥವಾ ಉಸಿರುಕಟ್ಟು ಬಂದವರು 108 ಹತ್ತಬೇಕು. ತುರ್ತು ಚಿಕಿತ್ಸೆಗೆ ರೆಫರ್ ಲೆಟರ್ ಬೇಕಿಲ್ಲ. ಮಾತ್ರೆಯಲ್ಲಿ ಹಿಡಿತಕ್ಕೆ ಬರುವ ಎಸ್‌ವಿಟಿ ಕೊನೆಗೆ. ಹೃದಯಾಘಾತದವರು ಬಂದರೆ ಕ್ಯಾಥ್ ಲ್ಯಾಬ್ (ಹೃದಯಕ್ಕೆ ತಂತಿ ಹಾಕಿ ಚಿಕಿತ್ಸೆ ಮಾಡುವ ಕೋಣೆ) ಅವರದೇ. ಕೆಲಸದ ಅವಧಿಯೂ ಒಂದೇ ಅಲ್ಲ: ಎಸ್‌ವಿಟಿಗೆ ಒಂದೆರಡು ಗಂಟೆ, ಹೃದಯದ ಮೇಲ್ಕೋಣೆ ಗಡಗಡ ಅದುರುವ ಎಎಫ್ ಕಾಯಿಲೆಗೆ ಮೂರು ನಾಲ್ಕು ಗಂಟೆ ಮತ್ತು ಮೂರು ಆಯಾಮದ ನಕ್ಷೆ ಯಂತ್ರ. ಎಎಫ್ ಬಂದದ್ದು ರುಮಾಟಿಕ್ ಕಾಯಿಲೆಯಿಂದ ವಾಲ್ವ್ ಕಿರಿದಾಗಿ ಎಂದಾದರೆ ಮೊದಲು ವಾಲ್ವಿನ ಕೆಲಸ. ಅಂಥವರು ಅಬ್ಲೇಷನ್ ಸಾಲಿನಲ್ಲಿ ನಿಂತು ಪ್ರಯೋಜನವಿಲ್ಲ.

ಕೊಟ್ಟ ತಾರೀಖು ತಪ್ಪುವುದು ಬಹುಪಾಲು ಸಣ್ಣ ಕಾರಣಕ್ಕೆ. ಬೆಳಿಗ್ಗೆ ಕಾಫಿ ಕುಡಿದದ್ದು, ಜ್ವರ, ತೊಡೆಸಂದಿಯಲ್ಲಿ ಹುಣ್ಣು ಅಥವಾ ಗಜಕರ್ಣ (ತಂತಿ ಒಳಗೆ ಹೋಗುವುದು ಅಲ್ಲಿಂದಲೇ), ಪೊಟ್ಯಾಷಿಯಂ ಕಮ್ಮಿ. ಮಾತ್ರೆಯ ಗೊಂದಲ ಎಲ್ಲಕ್ಕಿಂತ ದೊಡ್ಡದು. ಓಟ ತಡೆಯುವ ಮಾತ್ರೆಗಳನ್ನು ಸಾಮಾನ್ಯವಾಗಿ ಕೆಲವು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ; ನಿಲ್ಲಿಸದಿದ್ದರೆ ಟೇಬಲ್ ಮೇಲೆ ಓಟ ಎಬ್ಬಿಸಲು ಆಗುವುದಿಲ್ಲ, ಎಬ್ಬಿಸದೆ ಎಲ್ಲಿ ಸುಡಬೇಕೆಂದು ಗೊತ್ತಾಗುವುದಿಲ್ಲ. ರಕ್ತ ತೆಳುಮಾಡುವ ಮಾತ್ರೆ ಮಾತ್ರ ಇದಕ್ಕೆ ತದ್ವಿರುದ್ಧ. ಎಎಫ್‌ನವರು ‘ಆಪರೇಷನ್ ಅಲ್ವಾ’ ಎಂದು ತಾವೇ ನಿಲ್ಲಿಸಿಬಿಟ್ಟರೆ ಹೃದಯದೊಳಗೆ ಗಡ್ಡೆ ಕಟ್ಟಿ, ಪರೀಕ್ಷೆಯಲ್ಲಿ ಅದು ಕಂಡರೆ ವಾರಗಟ್ಟಲೆ ಮುಂದಕ್ಕೆ. ಯಾವುದು ನಿಲ್ಲಿಸಬೇಕು, ಯಾವುದು ನುಂಗಬೇಕು, ಯಾವ ದಿನದಿಂದ, ಇದನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿ.

ನಮ್ಮ ಜನರ ಕಡೆಯಿಂದಲೂ ತಪ್ಪುತ್ತದೆ. ಶ್ರೀನಿವಾಸಪುರದಲ್ಲಿ ಮೇ, ಜೂನ್ ಅಂದರೆ ಮಾವಿನ ಸುಗ್ಗಿ. ‘ಕಾಯಿ ಇಳಿಸಿ ಬರ್ತೀವಿ’ ಅಂದರೆ ಆ ತಾರೀಖು ಬೇರೆಯವರಿಗೆ ಹೋಗುತ್ತದೆ. ಹಸು ಸಾಕಿದ ಮನೆಯಲ್ಲಿ ಎರಡು ಹೊತ್ತು ಹಾಲು ಕರೆಯುವವರೇ ರೋಗಿ. ಮೂರು ದಿನಕ್ಕೆ ಕರೆಯುವವರನ್ನು ಮೊದಲೇ ಗೊತ್ತುಮಾಡಬೇಕು. ಆಸ್ಪತ್ರೆಯಲ್ಲಿ ಎರಡು ಮೊಬೈಲ್ ನಂಬರ್ ಕೊಡಿ. 080ಯಿಂದ ಬಂದ ಕರೆಯನ್ನು ಲೋನಿನವರು ಎಂದುಕೊಂಡು ಕಟ್ ಮಾಡಬೇಡಿ.

ಕಾಯುವಾಗ ಮೆಟೊಪ್ರೊಲಾಲ್‌ನಂಥ ಓಟ ತಡೆಯುವ ಮಾತ್ರೆ ಮುಗಿಯಲು ವಾರ ಇರುವಾಗಲೇ ತಂದಿಡಿ, ಒಮ್ಮೆಲೇ ನಿಂತರೆ ಓಟ ಜೋರಾಗಿ ಮರಳುತ್ತದೆ. ರಕ್ತ ತೆಳುಮಾಡುವ ವಾರ್ಫರಿನ್ ಅಥವಾ ಅಸಿಟ್ರೋಮ್ ಇದ್ದರೆ ಊಟದ ಮಾತು ಬರುತ್ತದೆ. ಈ ಸೀಮೆಯವರು ಬಸ್ಸಾರು, ಮಸ್ಸೊಪ್ಪು ಇಲ್ಲದೆ ಮುದ್ದೆ ನುಂಗುವವರಲ್ಲ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಬಲ ಇಳಿಸುತ್ತದೆ ನಿಜ. ಅದಕ್ಕೆಂದು ಸೊಪ್ಪು ಪೂರ್ತಿ ಬಿಟ್ಟು, ಹಬ್ಬದ ವಾರ ಒಟ್ಟಿಗೇ ತಿಂದರೆ ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಅನ್ನುವ ಪರೀಕ್ಷೆಯ ಸಂಖ್ಯೆ, ಉಯ್ಯಾಲೆಯಾಡುತ್ತದೆ. ವಾರವಾರವೂ ಒಂದೇ ಅಳತೆಯಲ್ಲಿ ತಿನ್ನಲಿ. ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರುವುದು ಬೇಡ.

ಇಲ್ಲಿ ಕಾಯಲಾರದೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋಗುವುದು ಈ ಸೀಮೆಯ ಹಳೇ ರೂಢಿ. ಒಳ್ಳೆಯ ಆಸ್ಪತ್ರೆ, ಆದರೆ ಅದು ಮಿಷನ್ನಿನದು, ಸರ್ಕಾರಿಯಲ್ಲ. ಖರ್ಚಿನ ಅಂದಾಜು ಕೇಳಿಕೊಂಡೇ ಹೋಗಲಿ.

ಚಿಕಿತ್ಸೆ ಎದೆ ಕೊಯ್ಯುವಂಥದ್ದಲ್ಲ. ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್, ಅಲ್ಲಿಂದ ಮೂರು ನಾಲ್ಕು ತಂತಿ ಹೃದಯದವರೆಗೆ, ಓಟ ಎಬ್ಬಿಸಿ ತಪ್ಪುದಾರಿ ಹುಡುಕಿ ತುದಿಯ ಕಾವಿನಿಂದ ಸುಡುವುದು. ಸಾಮಾನ್ಯ ಎಸ್‌ವಿಟಿಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ಫಲ ಸಿಗುತ್ತದೆ. ಸರಿದಾರಿಗೇ ಪೆಟ್ಟು ಬಿದ್ದು ಪೇಸ್‌ಮೇಕರ್ ಬೇಕಾಗುವ ಸಂಭವ ಸುಮಾರು ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ, ಸಹಿ ಹಾಕುವ ಮೊದಲು ಅದನ್ನು ಕೇಳಿ ತಿಳಿಯಬೇಕು. ಆಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗಬೇಕು, ತೊಂದರೆ ಇಲ್ಲದಿದ್ದರೆ ಮಾರನೇ ದಿನ ಮನೆಗೆ. ದಾರಿಯಲ್ಲಿ ತೊಡೆಸಂದಿ ಊದಿದರೆ ಅಥವಾ ರಕ್ತ ಜಿನುಗಿದರೆ ಮಲಗಿಸಿ, ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದು, ಹತ್ತಿರದ ಆಸ್ಪತ್ರೆಗೆ. ಅಕ್ಕ ಡೇರಿಗೆ ಹಾಲು ಹಾಕುವವರಾದರೆ ಒಂದು ವಾರ ಕ್ಯಾನ್ ಎತ್ತುವುದು ಬೇಡ.