ಬಾಂಡ್ ಪೇಪರ್ ಪಾಲುಪಟ್ಟಿಗೆ ಸೈನ್ ಹಾಕಿದ್ಮೇಲೂ ಭಾಗ ಕೇಳಬಹುದಾ?
ಅಕ್ಕಾ, ನೀವು ಹೇಳಿರೋ ಪ್ರಕಾರ ಪಿತ್ರಾರ್ಜಿತ ಜಮೀನಿಗೆ ಅಣ್ಣಂದಿರು ಬಾಂಡ್ ಪೇಪರ್ ಮೇಲೆ ಪಾಲುಪಟ್ಟಿ ಬರೆಸಿ ನಿಮ್ ಸೈನ್ ತಗೊಂಡಿದ್ದಾರೆ, ರಿಜಿಸ್ಟರ್ ಮಾಡ್ಸಿಲ್ಲ. ಮೊದ್ಲು ಆ ಪೇಪರ್ ತೆಗ್ದು ಓದಿ. "ಈ ದಿನ ಭಾಗ ಮಾಡಿಕೊಂಡಿದ್ದೇವೆ" ಅಂತಿದ್ರೆ ನೋಂದಣಿ ಕಡ್ಡಾಯ, 1908ರ ನೋಂದಣಿ ಕಾಯ್ದೆ ಕಲಂ 17, ಇಲ್ಲಾಂದ್ರೆ ಅದನ್ನ ಭಾಗಕ್ಕೆ ಸಾಕ್ಷಿ ಅಂತ ಕೋರ್ಟ್ ತಗೊಳಲ್ಲ. ಆದ್ರೆ "ಹಿಂದೆ ಬಾಯಿಮಾತಲ್ಲಿ ಆದ ಭಾಗದ ನೆನಪಿಗೆ" ಅಂತ ಬರ್ದಿದ್ರೆ ನೋಂದಣಿ ಬೇಕಿಲ್ಲ, ಅಲ್ಲೇ ಎಷ್ಟೋ ಜನ ಎಡವೋದು.
ಹೆಣ್ಮಕ್ಕಳಿಗೆ ಸಮಪಾಲು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಇದೆ, ಅಪ್ಪ ಆಗ ಬದುಕಿರಬೇಕಿತ್ತು ಅನ್ನೋ ವಾದಾನ ಸುಪ್ರೀಂ ಕೋರ್ಟ್ 2020ರಲ್ಲಿ ಒಪ್ಪಲಿಲ್ಲ. ಪಹಣೀಲಿ ಅಣ್ಣನ ಹೆಸ್ರು ಬಂತು ಅಂತ ಹೆದ್ರಬೇಡಿ, ಅದು ಹಕ್ಕುಪತ್ರ ಅಲ್ಲ. ಮೋಸದಿಂದ ಸೈನ್ ಹಾಕಿಸ್ಕೊಂಡ್ರು ಅಂತ ಪತ್ರ ರದ್ದು ಮಾಡ್ಸೋದಾದ್ರೆ ಮಾತ್ರ, ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವಾ ಹಾಕ್ಬೇಕು.