ಬ್ಲಾವಟ್‌ಸ್ಕಿ ಅಧ್ಯಾಯ: ಈಗಿನ ರೂಪದಲ್ಲಿ ಬೇಡ

ಪ್ರಿಯ ಬರಹಗಾರರೇ,

ಶಿರಸಿಯಿಂದ ನೀವು ಕಳಿಸಿದ ‘ಅಡ್ಯಾರಿನ ಮಾಯಗಾತಿ’ ಓದಿದೆ. ಅಧ್ಯಾತ್ಮ, ಗುಪ್ತವಿದ್ಯೆಗಳ ಸಂಘವಾದ ಥಿಯಾಸಾಫಿಕಲ್ ಸೊಸೈಟಿಯ ಸ್ಥಾಪಕಿ ಬ್ಲಾವಟ್‌ಸ್ಕಿಯ ಜೀವನಚರಿತ್ರೆಗೆ ಕೈಹಾಕಿದ್ದೀರಿ, ಸಂತೋಷ. ಆದರೆ ಈ ಅಧ್ಯಾಯವನ್ನು ಹೀಗೇ ಅಚ್ಚುಹಾಕಲಾರೆ.

ನಿಮ್ಮ ಬ್ಲಾವಟ್‌ಸ್ಕಿ ಮೊದಲ ಪುಟದಲ್ಲೇ ಯಕ್ಷಗಾನದ ರಕ್ಕಸಿಯಂತೆ ಬಣ್ಣದ ವೇಷ ಕಟ್ಟಿಕೊಂಡು ಬರುತ್ತಾಳೆ. ಮುಂದೆ ಉಳಿಯುವುದು ವಧೆಯೊಂದೇ. ಘಟ್ಟದ ಮೇಲಿನ ಯಾವುದಾದರೂ ಮಠದ ಸ್ಥಾಪಕರ ಬಗ್ಗೆ ಹೀಗೆ ಬರೆಯಲು ನಿಮಗೆ ಕೈ ಬರುತ್ತಿತ್ತೇ? ಆಕೆ ಮೋಸ ಮಾಡಿರಬಹುದು, ಅದನ್ನು ಬರೆಯಬೇಡಿ ಎನ್ನುತ್ತಿಲ್ಲ. ಹಾಗೆಂದು ಹೇಳಿದವರು ಯಾರು, ಯಾವಾಗ, ಅವರಿಗೇನು ಸಿಟ್ಟಿತ್ತು ಎಂಬುದೂ ಪುಟದಲ್ಲಿರಲಿ.

ಕೂಲೋಂಬ್ ಪ್ರಕರಣವನ್ನೇ ನೋಡಿ. ಮದ್ರಾಸಿನ ಅಡ್ಯಾರಿನಲ್ಲಿದ್ದ ಸೊಸೈಟಿಯ ಕೇಂದ್ರದಲ್ಲಿ ಮನೆವಾರ್ತೆ ನೋಡುತ್ತಿದ್ದ ಎಮ್ಮಾ ಕೂಲೋಂಬ್, ಪವಾಡಗಳಿಗೆ ತನ್ನ ನೆರವು ಕೇಳಿ ಬ್ಲಾವಟ್‌ಸ್ಕಿ ಬರೆದದ್ದೆಂದು ಕೆಲವು ಪತ್ರಗಳನ್ನು ಮದ್ರಾಸಿನ ಮಿಷನರಿಗಳಿಗೆ ಕೊಟ್ಟಳು. 1884ರ ಸೆಪ್ಟೆಂಬರಿನಲ್ಲಿ ಅವರ ಕಾಲೇಜು ಪತ್ರಿಕೆಯಲ್ಲಿ ಅವು ಅಚ್ಚಾದವು. ಕೂಲೋಂಬ್ ಗಂಡಹೆಂಡಿರಿಬ್ಬರನ್ನೂ ಸೊಸೈಟಿ ಹೊರಹಾಕಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ನಿಮ್ಮಲ್ಲಿ ಈ ಸಾಲೇ ಇಲ್ಲ. ಇದ್ದರೆ ಪತ್ರಗಳು ಸುಳ್ಳಾಗುತ್ತಿದ್ದವು ಅಂತಲ್ಲ. ಸಿಟ್ಟಾದವರೂ ನಿಜ ಹೇಳುತ್ತಾರೆ. ಇನ್ನು ಬ್ಲಾವಟ್‌ಸ್ಕಿ ತನ್ನ ಗುರುಗಳೆನ್ನುತ್ತಿದ್ದ ‘ಮಹಾತ್ಮರ’ ಪತ್ರಗಳು ಪ್ರತ್ಯಕ್ಷವಾಗುತ್ತಿದ್ದ ಆ ಕಪಾಟು! ಅಲೌಕಿಕ ಘಟನೆಗಳನ್ನು ಪರೀಕ್ಷಿಸುವ ಲಂಡನ್ನಿನ ಸಂಸ್ಥೆಯೊಂದು ತನಿಖೆಗೆ ಕಳಿಸಿದ ಹಾಡ್ಜ್‌ಸನ್ ಬರುವ ಮೊದಲೇ ಸೊಸೈಟಿಯವರೇ ಅದನ್ನು ಸುಟ್ಟುಹಾಕಿದ್ದರು. ನಿಮ್ಮ ವಾದಕ್ಕೇ ಬಲ ಕೊಡುವ ಸಂಗತಿ, ಅದನ್ನೂ ಬಿಟ್ಟಿದ್ದೀರಿ.

ಆಕೆಯನ್ನು ಮೋಸಗಾತಿ ಎಂದ 1885ರ ಹಾಡ್ಜ್‌ಸನ್ ವರದಿ ನಿಮಗೆ ಕೊನೆಯ ತೀರ್ಪು. ವರದಿ ಪ್ರಕಟಿಸಿದ ಸಂಸ್ಥೆಯ ಪತ್ರಿಕೆಯಲ್ಲೇ 1986ರಲ್ಲಿ ಖೋಟಾ ದಾಖಲೆಗಳ ಪರಿಣತ ವೆರ್ನನ್ ಹ್ಯಾರಿಸನ್ ಅದನ್ನು ಕಟುವಾಗಿ ಟೀಕಿಸಿದರು. ನೀವು ಮೂಲ ವರದಿಯನ್ನಾದರೂ ಪೂರ್ತಿ ಓದಿದಂತಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಶಿರಸಿ ಬಿಟ್ಟು ಕದಲಬೇಕಿಲ್ಲ.

ಭಕ್ತರ ಸಾಕ್ಷ್ಯವನ್ನೂ ಇಷ್ಟೇ ಅವಸರದಲ್ಲಿ ನುಂಗಿದ್ದೀರಿ. 1875ರಲ್ಲಿ ನ್ಯೂಯಾರ್ಕಿನಲ್ಲಿ ಆಕೆಯೊಂದಿಗೆ ಸೊಸೈಟಿ ಕಟ್ಟಿದ ಆಲ್ಕಾಟ್ ಆ ದಿನಗಳ ನೆನಪು ಬರೆದದ್ದು ಆಕೆ 1891ರಲ್ಲಿ ತೀರಿಕೊಂಡ ಮೇಲೆ. ನೀವದನ್ನು ಅಂದಂದೇ ಬರೆದಿಟ್ಟ ದಿನಚರಿಯಂತೆ ಬಳಸಿದ್ದೀರಿ. 1849ರ ಮದುವೆಯಿಂದ 1873ರಲ್ಲಿ ಅಮೆರಿಕ ತಲುಪುವವರೆಗಿನ ಅಲೆದಾಟಕ್ಕಂತೂ ಬಹುಪಾಲು ಆಕೆಯ ಮಾತೇ ಆಧಾರ. ಹಾಗಿರುವಾಗ ಟಿಬೆಟ್ಟಿನಲ್ಲಿ ಆಕೆಯ ಕಾಲಡಿ ಹಿಮ ಕರಕರ ಅಂದದ್ದು ನಿಮಗೆ ಹೇಗೆ ಕೇಳಿಸಿತು ಮಾರಾಯರೇ?

ಕೂಲೋಂಬ್ ಭಾಗವೊಂದನ್ನೇ ಮತ್ತೆ ಬರೆದು ಕಳಿಸಿ, ಎಂಟು ಪುಟ ಸಾಕು. ಶೀರ್ಷಿಕೆ ಬದಲಾಯಿಸಿ. ಕಾರವಾರದ ಕಡೆ ಬಂದರೆ ಹಸ್ತಪ್ರತಿ ತನ್ನಿ, ಕೂತು ನೋಡೋಣ.

ಇಂತು,
ಸಂಪಾದಕ