ಪ್ರತಿಕ್ರಿಯೆ: ಬೈಂಡಿಂಗ್ ಕೆಲಸದಲ್ಲಿ ದೇವರು ಎಲ್ಲಿ?

ಗದಗಿನ ಪ್ರೆಸ್ಸಿನಲ್ಲಿ ದಿನವಿಡೀ ನೋಟ್‌ಬುಕ್ ಹೊಲಿಯುತ್ತೀರಿ, ಭಾನುವಾರದ ಆರಾಧನೆ ಬಿಟ್ಟರೆ ಉಳಿದ ಆರು ದಿನ ದೇವರಿಗೆ ಸಂಬಂಧವೇ ಇಲ್ಲ ಅನ್ನಿಸುತ್ತದೆ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ.

ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದ 3:23 ಓದಿ. ಏನೇ ಮಾಡಿದರೂ ಮನುಷ್ಯರಿಗಲ್ಲ, ಕರ್ತನಿಗೆ ಅಂತ ಮನಸಾರೆ ಮಾಡಿ ಅನ್ನುತ್ತದೆ. ಆ ಮಾತು ಯಾರಿಗೆ ಹೇಳಿದ್ದು ಗೊತ್ತಾ? ಬೋಧಕರಿಗಲ್ಲ, ದಾಸರಿಗೆ, ಅಂದರೆ ಗುಲಾಮರಿಗೆ. ಆ ಪತ್ರ ಬರೆದ ಪೌಲನೂ ಕೊರಿಂಥ ಪಟ್ಟಣದಲ್ಲಿ ಗುಡಾರ ಮಾಡುವ ಕೆಲಸ ಮಾಡಿದವನೇ. ಯೇಸು ಬಡಗಿ.

ನಿಮ್ಮ ಹೊಲಿಗೆ ಸಡಿಲವಾದರೆ ಜೂನ್‌ನಲ್ಲಿ ಕೊಂಡ ನೋಟ್‌ಬುಕ್ಕಿನ ನಡುಹಾಳೆ ದೀಪಾವಳಿಯೊಳಗೆ ಕಿತ್ತು ಬರುತ್ತದೆ. ಬೆಟಗೇರಿಯ ನೇಕಾರರ ಮನೆಯ ಮಗು ಮತ್ತೊಂದು ಕೊಳ್ಳಬೇಕು. ದಾರ ಬಿಗಿಯಾಗಿ ಎಳೆಯುವುದೂ ನೆರೆಯವರ ಮೇಲಿನ ಪ್ರೀತಿ ಅಲ್ವಾ?

ಹಾಗಂತ ಜಾಸ್ತಿ ದುಡಿಸಿ ಕೂಲಿ ಕೊಡದಿದ್ದರೆ ಸುಮ್ನಿರಬೇಡಿ. ಅದೇ ಪತ್ರದ 4:1 ಯಜಮಾನರಿಗೂ ಹೇಳುತ್ತದೆ, ದಾಸರ ಜೊತೆ ನ್ಯಾಯವಾಗಿ ನಡೆದುಕೊಳ್ಳಿ ಅಂತ.